ಮೂಕಿಯ ದಿನಗಳ ಕಮಲಾದೇವಿ

ಬಾನುಲಿಯ ಮುಂದೆ ಕುಳಿತವರಿಗೆ ದನಿ ಕೇಳಿಸುತ್ತದೆ, ಮುಖ ಕಾಣಿಸುವುದಿಲ್ಲ. ಇದಕ್ಕೆ ತೀರ ವಿರುದ್ಧವಾದ ಕಲೆಯೊಂದು ನಮ್ಮ ದೇಶದಲ್ಲಿ ಸುಮಾರು ಇಪ್ಪತ್ತು ವರ್ಷ ಬಾಳಿ ಮರೆಯಾಯಿತು. ಅಲ್ಲಿ ಮುಖ ಕಾಣಿಸುತ್ತಿತ್ತು, ದನಿ ಕೇಳಿಸುತ್ತಿರಲಿಲ್ಲ. ಮೂಕ ಚಲನಚಿತ್ರವೆಂದು ಪಂಡಿತರೂ ಮೂಕಿಯೆಂದು ಜನರೂ ಅದನ್ನು ಕರೆದರು. ಆ ಮೂಕ ತೆರೆಯ ಮೇಲೆ ಕಾಣಿಸಿಕೊಂಡ ಕನ್ನಡ ನಾಡಿನ ಹೆಣ್ಣುಮಗಳೊಬ್ಬರನ್ನು ಇಲ್ಲಿ ನೆನೆಯಬೇಕಾಗಿದೆ. ಅವರು ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯ.

ಈ ಹೆಸರು ಕೇಳದವರು ವಿರಳ. ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆ ಕಂಡವರು, ಕೈಮಗ್ಗ ಮತ್ತು ಕರಕುಶಲ ಕಲೆಗಳಿಗೆ ಮರುಜೀವ ಕೊಟ್ಟವರು ಎಂದು ಅವರನ್ನು ಬಲ್ಲೆವು. ಆದರೆ ಅವರು ಒಂದು ಕಾಲಕ್ಕೆ ಸಿನಿಮಾ ನಟಿಯೂ ಆಗಿದ್ದರು ಎಂದರೆ ಹಲವರು ಹುಬ್ಬೇರಿಸುತ್ತಾರೆ. ದೊಡ್ಡವರ ಬಾಳಿನಲ್ಲಿ ಇದೊಂದು ಎಳೆತನದ ಚಾಪಲ್ಯವೆಂದು ತಿಳಿದು ಮುಂದೆ ಸಾಗುವವರೂ ಉಂಟು. ಹಾಗೆ ಸಾಗಿಬಿಟ್ಟರೆ ಅವರ ಮುಂದಿನ ಕೆಲಸದ ಬೇರೇ ನಮಗೆ ಕಾಣುವುದಿಲ್ಲ.

ಮೊದಲು ಆ ಕಾಲದ ಸ್ಥಿತಿಯನ್ನು ನೋಡೋಣ. ದಾದಾಸಾಹೇಬ್ ಫಾಲ್ಕೆಯವರು 1913ರಲ್ಲಿ 'ರಾಜಾ ಹರಿಶ್ಚಂದ್ರ' ಚಿತ್ರವನ್ನು ತೆಗೆದಾಗ ತಾರಾಮತಿಯ ಪಾತ್ರಕ್ಕೆ ಹೆಣ್ಣು ಸಿಗಲಿಲ್ಲ. ಹಣ ಕೊಡುತ್ತೇವೆಂದರೂ ಯಾರೂ ಒಪ್ಪಲಿಲ್ಲ. ಕೊನೆಗೆ ಹೋಟೆಲೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ ಸಾಳುಂಕೆ ಎಂಬ ತರುಣನಿಗೆ ಸೀರೆ ಉಡಿಸಿ ತಾರಾಮತಿಯನ್ನಾಗಿ ಮಾಡಿದರು. 1917ರ 'ಲಂಕಾದಹನ'ದಲ್ಲಿ ಇದೇ ಸಾಳುಂಕೆ ರಾಮನೂ ಆದ, ಸೀತೆಯೂ ಆದ! ಆದರೂ 1913ರಲ್ಲಿಯೇ ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾಬಾಯಿ 'ಮೋಹಿನೀ ಭಸ್ಮಾಸುರ' ಚಿತ್ರದಲ್ಲಿ ಧೈರ್ಯದಿಂದ ನಟಿಸಿದರು. ಅವರು ನಾಟಕ ಕಂಪನಿಯಲ್ಲಿ ಬದುಕು ಕಟ್ಟಿಕೊಂಡ ತಾಯಿ-ಮಗಳು. ಊರಿನ ಮಾತಿಗೆ ಅಂಜಿ ಕೂರುವ ಅನುಕೂಲ ಅವರಿಗೆ ಇರಲಿಲ್ಲ.

ಇದು ದೂರದ ಮುಂಬಯಿಯ ಕಥೆಯೆಂದು ನಾವು ನಗುವಂತಿಲ್ಲ. ನಮ್ಮ ಸಿರುಗುಪ್ಪ, ಕುರುಗೋಡಿನ ಕಡೆಯ ಬಯಲಾಟಗಳಲ್ಲಿಯೂ ದ್ರೌಪದಿಯ ಸೀರೆ ಉಡುತ್ತಿದ್ದವನು ಗಂಡಸೇ. ಬಳ್ಳಾರಿ ಪಟ್ಟಣವಂತೂ ನಾಟಕದ ತವರು. ಧರ್ಮವರಂ ರಾಮಕೃಷ್ಣಾಚಾರ್ಯರ ಸರಸ ವಿನೋದಿನಿ ಸಭೆ ಒಂದು ಕಡೆ, ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭೆ ಇನ್ನೊಂದು ಕಡೆ. ಎರಡೂ ಪೈಪೋಟಿಯಿಂದ ಆಡುತ್ತಿದ್ದವು. ಅಲ್ಲಿಯೂ ಸ್ತ್ರೀಪಾತ್ರ ಗಂಡಸರ ಪಾಲಿನದೇ. ಈ ಪದ್ಧತಿ ಸಲ್ಲದು, ಹೆಣ್ಣಿನ ಪಾತ್ರವನ್ನು ಹೆಣ್ಣೇ ಆಡಬೇಕು ಎಂದು ಹಟ ಹಿಡಿದವರು ವಕೀಲರೂ ಮಹಾನಟರೂ ಆಗಿದ್ದ ಬಳ್ಳಾರಿ ರಾಘವರು (1880–1946). ಅವರ ಹೆಸರಿನ ಕಲಾಮಂದಿರ ಇಂದಿಗೂ ಬಳ್ಳಾರಿಯಲ್ಲಿದೆ. ಆದರೆ ಹಟ ಹಿಡಿಯುವುದು ಗಂಡಸಿಗೆ ಸುಲಭ. ರಂಗವನ್ನು ಏರಿದ ಮೇಲೆ ಊರಿನ ಮಾತನ್ನು ಕೇಳಬೇಕಾದವಳು ಹೆಣ್ಣು. ಆ ಮಾತನ್ನು ಕೇಳಲು ಸಿದ್ಧರಾಗಿ ಬಂದವರಲ್ಲಿ ಕಮಲಾದೇವಿ ಒಬ್ಬರು.

ಅವರು ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನ ಸಾರಸ್ವತ ಮನೆತನದಲ್ಲಿ. ತಂದೆ ಅನಂತಯ್ಯ ಧಾರೇಶ್ವರ ಅವರು ದೊಡ್ಡ ಸರಕಾರೀ ಅಧಿಕಾರಿ, ತಾಯಿ ಗಿರಿಜಾಬಾಯಿ ಓದಿದವರು, ಸ್ವತಂತ್ರ ಮನೋಭಾವದವರು. ಮನೆಗೆ ಆಗಿನ ಸುಧಾರಕರು, ನಾಯಕರು ಬಂದು ಹೋಗುತ್ತಿದ್ದರು. ಆದರೆ ಮಗಳಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನಿಗೆ ಸೇರಿತು. ಹೆಂಡತಿಗೂ ಹೆಣ್ಣುಮಕ್ಕಳಿಗೂ ಹಕ್ಕಿನದೆಂಬುದು ಏನೂ ಉಳಿಯಲಿಲ್ಲ. ಕೊಡುತ್ತೇವೆಂದ ಜೀವನಾಂಶವನ್ನು ಗಿರಿಜಾಬಾಯಿ ಬೇಡವೆಂದು, ತಾವು ತಂದಿದ್ದ ಸ್ತ್ರೀಧನದ ಮೇಲೆ ಮಕ್ಕಳನ್ನು ಸಾಕಿದರು. ಹೆಣ್ಣಿಗೆ ಗೌರವವೆಂಬುದು ಯಾರೋ ದಯೆಯಿಂದ ಕೊಡುವ ವಸ್ತುವಲ್ಲ ಎಂಬ ಪಾಠವನ್ನು ಕಮಲಾದೇವಿ ಪುಸ್ತಕದಲ್ಲಿ ಓದಿ ಕಲಿಯಬೇಕಾಗಲಿಲ್ಲ.

1917ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ ಮದುವೆಯಾಯಿತು. ಎರಡು ವರ್ಷಕ್ಕೆಲ್ಲ ಗಂಡ ತೀರಿಕೊಂಡರು. ಹದಿನಾರರ ಹುಡುಗಿ ವಿಧವೆ! ಆ ಕಾಲದಲ್ಲಿ ಅಂಥವಳ ಪಾಲಿಗೆ ಉಳಿಯುತ್ತಿದ್ದುದು ಒಳಮನೆಯ ಕತ್ತಲೆ. ಆದರೆ ಅವರನ್ನು ಮದರಾಸಿನ ಕ್ವೀನ್ ಮೇರೀಸ್ ಕಾಲೇಜಿಗೆ ಓದಲು ಕಳುಹಿಸಲಾಯಿತು. ಅಲ್ಲಿ ಪರಿಚಯವಾದವರು ಸರೋಜಿನೀ ನಾಯ್ಡು ಅವರ ತಂಗಿ ಸುಹಾಸಿನಿ. ಅವರ ಮೂಲಕ ಅಣ್ಣ ಹರೀಂದ್ರನಾಥ ಚಟ್ಟೋಪಾಧ್ಯಾಯರು. ಹರೀಂದ್ರನಾಥರು ಕವಿ, ನಾಟಕಕಾರರು, ನಟರು. ಇಬ್ಬರೂ ಮದುವೆಯಾದರು. ವಿಧವೆಯ ಮರುವಿವಾಹ, ಅದೂ ಭಾಷೆ-ಪ್ರಾಂತಗಳನ್ನು ದಾಟಿದ್ದು, ಸಂಪ್ರದಾಯಸ್ಥರು ಕೆರಳಿದರು. ಮುಂದೆ ಇಬ್ಬರೂ ಲಂಡನ್ನಿಗೆ ಹೋದರು. ಕಮಲಾದೇವಿ ಅಲ್ಲಿ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದಿದರು.

ಹರೀಂದ್ರನಾಥರಿಗೆ ನಾಟಕವೇ ಉಸಿರು. ಅವರು ಬರೆದು ಆಡಿಸಿದ ನಾಟಕಗಳಲ್ಲಿ ಕಮಲಾದೇವಿ ಬಣ್ಣ ಹಚ್ಚಿ ರಂಗಕ್ಕೆ ಬಂದರು. ಮೊದಲು ಒಳಮನೆಯಲ್ಲಿ ಕೂರಲಿಲ್ಲ, ಆಮೇಲೆ ಮರುಮದುವೆಯಾದರು, ಈಗ ನಾಟಕದ ವೇದಿಕೆ! ಬಂಧುಬಳಗದವರು ಏನೆಂದುಕೊಂಡಿರಬಹುದೆಂದು ಊಹಿಸುವುದು ಕಷ್ಟವಲ್ಲ. ಆದರೆ ಸಭೆಯ ಎದುರು ನಿಲ್ಲುವ ಅಭ್ಯಾಸ ಅವರಿಗೆ ಬೇರೊಂದು ರಂಗದಲ್ಲಿಯೂ ಉಪಯೋಗಕ್ಕೆ ಬಂತು. 1926ರಲ್ಲಿ ಮದರಾಸು ಪ್ರಾಂತದ ಶಾಸನಸಭೆಗೆ ಹೆಂಗಸರೂ ಉಮೇದುವಾರರಾಗಬಹುದೆಂದು ಆಯಿತು. ಮಾರ್ಗರೆಟ್ ಕಸಿನ್ಸ್ ಅವರ ಒತ್ತಾಸೆಯಿಂದ ಕಮಲಾದೇವಿ ದಕ್ಷಿಣ ಕನ್ನಡದಿಂದ ಚುನಾವಣೆಗೆ ನಿಂತರು. ಪ್ರಚಾರಕ್ಕೆ ದೊರೆತ ಕಾಲ ತೀರ ಅಲ್ಪ. ಸೋತದ್ದು ಕೆಲವೇ ಮತಗಳಿಂದ. ಭಾರತದಲ್ಲಿ ಶಾಸನಸಭೆಯ ಚುನಾವಣೆಗೆ ನಿಂತ ಮೊದಲ ಮಹಿಳೆಯೆಂದು ಅವರನ್ನು ಇಂದು ನೆನೆಯುತ್ತಾರೆ. ಬಳ್ಳಾರಿ ಜಿಲ್ಲೆಯೂ ಆಗ ಮದರಾಸು ಪ್ರಾಂತಕ್ಕೇ ಸೇರಿತ್ತು. ನಾವು ಮೈಸೂರು ಸೇರಿದ್ದು 1953ರಲ್ಲಿ. ಆದ್ದರಿಂದ ಅವರು ಬಾಗಿಲು ತಟ್ಟಿದ ಆ ಶಾಸನಸಭೆ ನಮ್ಮದೂ ಆಗಿತ್ತು.

ಇನ್ನು ಸಿನಿಮಾದ ಮಾತು. 1927ರಲ್ಲಿ ಸರಕಾರ ಚಲನಚಿತ್ರ ಉದ್ಯಮವನ್ನು ಕುರಿತು ವಿಚಾರಿಸಲು ಮದರಾಸಿನ ವಕೀಲ ಟಿ. ರಂಗಾಚಾರ್ಯರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ವಿದ್ಯಾವಂತ ಮನೆತನದ ಹೆಣ್ಣುಮಕ್ಕಳು ನಟನೆಗೆ ಬರುತ್ತಿಲ್ಲ ಎಂಬ ಕೊರಗು ಆ ಸಮಿತಿಯ ಮುಂದೆಯೂ ಬಂತು. ಆಗ ತೆರೆಯ ಮೇಲೆ ಮೆರೆಯುತ್ತಿದ್ದವರಲ್ಲಿ ಹಲವರು ಆಂಗ್ಲೋ-ಇಂಡಿಯನ್ ಮತ್ತು ಯೆಹೂದಿ ತರುಣಿಯರು. ರೂಬಿ ಮೈಯರ್ಸ್ 'ಸುಲೋಚನಾ' ಆದರು, ರೆನೀ ಸ್ಮಿತ್ 'ಸೀತಾದೇವಿ' ಆದರು. ಮಾತಿಲ್ಲದ ಚಿತ್ರವಾದ್ದರಿಂದ ಅವರಿಗೆ ದೇಶಭಾಷೆ ಬಾರದಿದ್ದರೂ ಅಡ್ಡಿಯಿರಲಿಲ್ಲ.

ಸುಲೋಚನಾ ಅವರನ್ನು ತೆರೆಗೆ ತಂದ ನಿರ್ದೇಶಕರು ಮೋಹನ ಭವನಾನಿ. ಸಿಂಧ್ ಪ್ರಾಂತದವರು, ಇಂಗ್ಲೆಂಡಿನಲ್ಲಿ ಓದಿ, ಜರ್ಮನಿಯಲ್ಲಿ ಸಿನಿಮಾ ಕೆಲಸ ಕಲಿತವರು. ಅವರು ಶೂದ್ರಕ ಕವಿಯ 'ಮೃಚ್ಛಕಟಿಕ' ನಾಟಕವನ್ನು ಚಿತ್ರವಾಗಿಸಲು ಹೊರಟರು. ಈ ಮೂಕಿಗೆ 'ವಸಂತಸೇನಾ' ಎಂದೂ ಹೆಸರುಂಟು. 1931ರ ಹೊತ್ತಿಗೆ ತೆರೆಗೆ ಬಂದ ಇದನ್ನು ಕನ್ನಡದ ಮೊದಮೊದಲ ಮೂಕ ಚಿತ್ರಗಳಲ್ಲಿ ಎಣಿಸುತ್ತಾರೆ. ತಾರಾಗಣದಲ್ಲಿ ಕಮಲಾದೇವಿಯವರ ಜೊತೆಗೆ ಏಣಾಕ್ಷಿ ರಾಮರಾವ್ ಇದ್ದರು, ನಮ್ಮ ಟಿ. ಪಿ. ಕೈಲಾಸಂ ಅವರೂ ಇದ್ದರು. ಮಾತಿನ ಮೋಡಿಗಾರ ಕೈಲಾಸಂ ಮಾತಿಲ್ಲದ ಚಿತ್ರದಲ್ಲಿ ನಟಿಸಿದ್ದು ಒಂದು ವಿನೋದವೇ ಸರಿ.

ಏಣಾಕ್ಷಿಯವರನ್ನು ಕುರಿತು ಎರಡು ಮಾತು ಹೇಳಬೇಕು. ಏಣವೆಂದರೆ ಜಿಂಕೆ, ಹೆಸರೇ ಜಿಂಕೆಗಣ್ಣಿನವಳು ಎಂದು. ಅವರು ಮದರಾಸು ವಿಶ್ವವಿದ್ಯಾನಿಲಯದ ಪದವೀಧರೆ. 1928ರಲ್ಲಿ ಹಿಮಾಂಶು ರಾಯ್ ಅವರ 'ಶಿರಾಜ್' ಚಿತ್ರದಲ್ಲಿ ಮುಮ್ತಾಜ್ ಮಹಲಳ ಪಾತ್ರ ವಹಿಸಿದ್ದರು. ತಾಜಮಹಲಿನ ಹುಟ್ಟನ್ನು ಕುರಿತ ಆ ಕಲ್ಪಿತ ಕಥೆಯನ್ನು ಜರ್ಮನಿಯ ಫ್ರಾಂಜ್ ಆಸ್ಟೆನ್ ನಮ್ಮ ದೇಶದಲ್ಲಿಯೇ ಚಿತ್ರಿಸಿದ್ದರು. ಮುಂದೆ ಏಣಾಕ್ಷಿ ಭವನಾನಿಯವರನ್ನೇ ಮದುವೆಯಾದರು.

ಹೀಗೆ ಒಂದೇ ಚಿತ್ರದಲ್ಲಿ ಕಾಲೇಜಿನಲ್ಲಿ ಓದಿದ ಇಬ್ಬರು ಸ್ತ್ರೀಯರು ಕ್ಯಾಮರಾದ ಮುಂದೆ ನಿಂತರು. ಅವರು ನಿಂತ ಕಥೆ ಯಾವುದು ಎಂಬುದೂ ಗಮನಿಸತಕ್ಕದ್ದು. ಮೃಚ್ಛಕಟಿಕ ಎಂದರೆ ಮಣ್ಣಿನ ಬಂಡಿ. ಉಜ್ಜಯಿನಿಯ ಚಾರುದತ್ತ ದಾನ ಮಾಡಿ ಮಾಡಿ ಬಡವನಾದವನು. ನಗರದ ಗಣಿಕೆ ವಸಂತಸೇನೆ ಅವನ ಗುಣಕ್ಕೆ ಮನಸೋಲುತ್ತಾಳೆ. ಪಕ್ಕದ ಮನೆಯ ಹುಡುಗನಿಗೆ ಚಿನ್ನದ ಬಂಡಿ ಇದೆ, ತನಗೆ ಮಣ್ಣಿನದು ಎಂದು ಚಾರುದತ್ತನ ಮಗ ಅಳುವಾಗ, ವಸಂತಸೇನೆ ತನ್ನ ಒಡವೆಗಳನ್ನೆಲ್ಲ ಕಳಚಿ ಆ ಮಣ್ಣಿನ ಬಂಡಿಗೆ ತುಂಬುತ್ತಾಳೆ. ರಾಜನ ಭಾವಮೈದ ಶಕಾರ ಅವಳ ಕೊರಳು ಹಿಸುಕಿ, ಸತ್ತಳೆಂದು ಬಿಟ್ಟುಹೋಗಿ, ಕೊಲೆಯ ಅಪವಾದವನ್ನು ಚಾರುದತ್ತನ ಮೇಲೆ ಹೊರಿಸುತ್ತಾನೆ. ಭಿಕ್ಷುವೊಬ್ಬ ಅವಳನ್ನು ಉಳಿಸುತ್ತಾನೆ. ಶೂಲದ ಹತ್ತಿರ ನಿಂತ ಚಾರುದತ್ತನನ್ನು ಅವಳು ಉಳಿಸುತ್ತಾಳೆ. ಅಷ್ಟರಲ್ಲಿ ರಾಜ್ಯವೂ ಬದಲಾಗಿ, ಹೊಸ ಅರಸನು ವಸಂತಸೇನೆಗೆ 'ವಧು' ಎಂಬ ಹೆಸರನ್ನು ಅನುಗ್ರಹಿಸುತ್ತಾನೆ. ಅಂದರೆ, ಊರಿನವರು ನೋಡಿ ಆನಂದಿಸಿಯೂ ಮನೆಯೊಳಗೆ ಕರೆಯದಿದ್ದ ಕಲಾವತಿಗೆ ಕುಲವಧುವಿನ ಮರ್ಯಾದೆ ದೊರೆಯುತ್ತದೆ.

ಮೂಕಿಯ ಕಾಲದ ನಟಿಯ ಪ್ರಶ್ನೆಯೂ ಇದೇ ಅಲ್ಲವೆ? ಅವಳ ಆಟವನ್ನು ಕಾಸು ಕೊಟ್ಟು ನೋಡುತ್ತಿದ್ದ ಜನ ಅವಳನ್ನು ಮನೆಗೆ ಅರಿಶಿನ-ಕುಂಕುಮಕ್ಕೆ ಕರೆಯುತ್ತಿರಲಿಲ್ಲ. ಕಲೆ ಬೇಕು, ಕಲಾವಿದೆ ಬೇಡ ಎಂಬ ಈ ವಿಚಿತ್ರ ನ್ಯಾಯವನ್ನು ಕಮಲಾದೇವಿ ಒಪ್ಪಲಿಲ್ಲ. ಒಂದು ಮಾತನ್ನು ಮಾತ್ರ ಇಲ್ಲಿ ಸ್ಪಷ್ಟಪಡಿಸಬೇಕು. ಮನೆತನಸ್ಥರು ಬಂದದ್ದರಿಂದ ನಟನೆಗೆ ಮಾನ ಬಂತು ಎಂದು ಹೇಳಿದರೆ ಮೊದಲು ಬಂದವರಿಗೆ ಅನ್ಯಾಯವಾಗುತ್ತದೆ. ದುರ್ಗಾಬಾಯಿಯವರಂಥವರೂ ನಮ್ಮ ಗುಬ್ಬಿ ಕಂಪನಿಯ ಬಿ. ಜಯಮ್ಮನವರಂಥವರೂ ಬೆವರು ಸುರಿಸಿ ದುಡಿದ ಕಲೆ ಅದು. ಕಮಲಾದೇವಿ ಅವರ ಸಾಲಿಗೆ ಹೋಗಿ ನಿಂತರು ಎನ್ನುವುದು ಹೆಚ್ಚು ನಿಜ.

ಆ ನಟನೆ ಹೇಗೆ ನಡೆಯುತ್ತಿತ್ತು ಎಂಬುದನ್ನೂ ತಿಳಿಯುವುದು ಸ್ವಾರಸ್ಯಕರ. ಕ್ಯಾಮರಾವನ್ನು ಕೈಯಿಂದಲೇ ತಿರುಗಿಸಬೇಕು; ಸೆಕೆಂಡಿಗೆ ಸುಮಾರು 16 ಚಿತ್ರಗಳು. ಸಾವಿರ ಅಡಿಯ ಒಂದು ರೀಲು ಆ ವೇಗದಲ್ಲಿ ಹದಿನಾರು-ಹದಿನೇಳು ನಿಮಿಷ ಓಡುತ್ತಿತ್ತು. ಬೆಳಕಿಗೆ ಸೂರ್ಯನೇ ಗತಿ. ಹಳೆಯ ಬಗೆಯ ಫಿಲ್ಮಿಗೆ ಕೆಂಪು ಬಣ್ಣ ಹಿಡಿಯುತ್ತಿರಲಿಲ್ಲವಾದ್ದರಿಂದ ಕೆಂಪು ತುಟಿ ತೆರೆಯ ಮೇಲೆ ಕಪ್ಪಾಗಿ ಕಾಣುತ್ತಿತ್ತು. ಬಣ್ಣ ಹಚ್ಚುವವರು ಅದನ್ನು ಲೆಕ್ಕ ಹಾಕಿಯೇ ಹಚ್ಚಬೇಕು. ಮಾತಿಗೆ ಬದಲು ನಡುನಡುವೆ ಬರಹದ ಪಟ್ಟಿಗಳು ಬರುತ್ತಿದ್ದವು. ಓದು ಬಾರದವರಿಗಾಗಿ ಒಬ್ಬರು ಗಟ್ಟಿಯಾಗಿ ಓದಿ ಹೇಳುವುದೂ ಉಂಟು. ತೆರೆಯ ಬುಡದಲ್ಲಿ ಹಾರ್ಮೋನಿಯಂ, ತಬಲಾ. ನಾಟಕದವರಿಗೆ ಕಂಠವೇ ಆಸ್ತಿ. ಮೂಕಿಗೆ ಬಂದೊಡನೆ ಆ ಆಸ್ತಿ ಕೆಲಸಕ್ಕೆ ಬಾರದು. ಕಣ್ಣು, ಹುಬ್ಬು, ಬೆರಳು, ನಡಿಗೆ ಇವುಗಳಲ್ಲಿಯೇ ಎಲ್ಲವನ್ನೂ ಹೇಳಬೇಕು. ರಂಗದ ಮೇಲೆ ಕೊನೆಯ ಸಾಲಿನವನಿಗೂ ಕಾಣಲೆಂದು ಕೈ ಬೀಸಿದಂತೆ ಕ್ಯಾಮರಾದ ಎದುರು ಬೀಸಿದರೆ ಅದು ಹಾಸ್ಯವಾಗುತ್ತದೆ. ಮುಂದೆ ಜನರ ಚಪ್ಪಾಳೆಯೂ ಇಲ್ಲ. ಹೀಗೆ ಮೂಕಿಯ ನಟನೆ ಹೊಸದಾಗಿಯೇ ಕಲಿಯಬೇಕಾದ ವಿದ್ಯೆಯಾಗಿತ್ತು.

ಕಲಿತವರು ಅದನ್ನು ಬೆಳೆಸುವಷ್ಟರಲ್ಲಿ ಕಾಲವೇ ಬದಲಾಯಿತು. 1931ರ ಮಾರ್ಚ್ 14ರಂದು ಮುಂಬಯಿಯಲ್ಲಿ 'ಆಲಂ ಆರಾ' ತೆರೆಯ ಮೇಲೆ ಮಾತಾಡಿತು. 1934ರ ಮಾರ್ಚ್ 3ರಂದು ತೆರೆಕಂಡ 'ಸತಿ ಸುಲೋಚನಾ' ಕನ್ನಡದಲ್ಲಿ ಮಾತಾಡಿತು; ಅದರ ನಾಯಕಿ ತ್ರಿಪುರಾಂಬ. ಮೂಕಿಯ ಅಂಗಡಿ ಮುಚ್ಚಿತು. ಕಮಲಾದೇವಿಯವರನ್ನಂತೂ ಬೇರೊಂದು ಕರೆ ಆಗಲೇ ಸೆಳೆದಿತ್ತು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಗಾಂಧೀಜಿ ದಂಡಿಗೆ ನಡೆದಾಗ ಜೊತೆಯಲ್ಲಿ ಹೆಂಗಸರಿರಲಿಲ್ಲ. ಹೆಂಗಸರಿಗೂ ಕರೆ ಕೊಡಬೇಕೆಂದು ಗಾಂಧೀಜಿಯವರನ್ನೇ ಕಂಡು ವಾದಿಸಿದವರು ಕಮಲಾದೇವಿ. ಮುಂಬಯಿಯ ಬೀದಿಯಲ್ಲಿ ಉಪ್ಪು ಮಾಡಿ, ಷೇರು ಪೇಟೆಗೇ ನುಗ್ಗಿ ಮಾರಿ, ಸೆರೆಮನೆಗೆ ಹೋದರು. ಆಮೇಲೆ ರಾಜಕೀಯ, ಸಮಾಜವಾದ, ಮತ್ತೆ ಮತ್ತೆ ಸೆರೆವಾಸ. ಹರೀಂದ್ರನಾಥರೊಡನೆ ದಾಂಪತ್ಯವೂ ಮುರಿಯಿತು.

ಹಾಗಾದರೆ ನಟನೆ ಅಲ್ಲಿಗೇ ಮುಗಿಯಿತೆ? ಆಡುವವರ ಚಿಂತೆ ಮುಗಿಯಲಿಲ್ಲ. 1944ರಲ್ಲಿ ಮುಂಬಯಿಯಲ್ಲಿ ಇಂಡಿಯನ್ ನ್ಯಾಷನಲ್ ಥಿಯೇಟರ್ ಎಂಬ ರಂಗಸಂಸ್ಥೆ ಅವರ ಮುಂದಾಳುತನದಲ್ಲಿ ಹುಟ್ಟಿತು. ಸ್ವಾತಂತ್ರ್ಯ ಬಂದ ಮೇಲೆ ಭಾರತೀಯ ನಾಟ್ಯ ಸಂಘವನ್ನು ಕಟ್ಟಿದರು. ಆ ಸಂಘ ಯುನೆಸ್ಕೋ ನೆರವಿನಿಂದ 1958ರಲ್ಲಿ ದೆಹಲಿಯಲ್ಲಿ ನಾಟಕ ಕಲಿಸುವ ಒಂದು ಸಂಸ್ಥೆಯನ್ನು ತೆರೆಯಿತು. ಮರುವರ್ಷ ಸ್ಥಾಪಿತವಾದ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಅದು ಸೇರಿಹೋಯಿತು. ಗುಬ್ಬಿ ಕಂಪನಿಯಿಂದ ಹೊರಟ ದಕ್ಷಿಣ ಕನ್ನಡದ ಹುಡುಗ ಬಿ. ವಿ. ಕಾರಂತರು ಆ ಶಾಲೆಯಲ್ಲಿ ಓದಿ, 1977ರಲ್ಲಿ ಅದರ ನಿರ್ದೇಶಕರೇ ಆದದ್ದು ನಮಗೆ ಗೊತ್ತಿದೆ. ನಾಟಕವೆಂದರೆ ಮನೆ ಬಿಟ್ಟು ಓಡಿಹೋಗುವ ಜಾಗ ಎಂಬ ಭಾವನೆ ಇದ್ದ ದೇಶದಲ್ಲಿ, ಅದು ಹೆಣ್ಣೂ ಗಂಡೂ ಶಾಲೆಗೆ ಸೇರಿ ಕಲಿಯುವ ವಿದ್ಯೆಯಾಯಿತು.

ಕರಕುಶಲದ ಕೆಲಸವೂ ಇದರಿಂದ ದೂರದ್ದಲ್ಲ. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಲಿ ಸ್ಥಾಪನೆಯಾದಾಗ ಅದರ ಅಧ್ಯಕ್ಷತೆಯನ್ನು ವಹಿಸಿ, ಎರಡು ದಶಕಗಳ ಕಾಲ ಊರೂರು ತಿರುಗಿದರು. ನೇಕಾರ, ಕುಂಬಾರ, ಮರದ ಬೊಂಬೆ ಮಾಡುವವನು, ಕಸೂತಿ ಹಾಕುವವಳು, ಇವರ ಗುಡಿಸಲುಗಳಲ್ಲಿ ಕುಳಿತು ಮಾತಾಡಿದರು. ಇವರ ಸ್ಥಿತಿಯೂ ನಟಿಯ ಸ್ಥಿತಿಯಂತೆಯೇ ಇತ್ತು. ಸೀರೆ ಬೇಕು, ನೇಯುವವನು ಯಾರೆಂದು ಬೇಕಿಲ್ಲ. ಬೊಂಬೆ ಚೆಂದ, ಮಾಡಿದವನ ಹೆಸರು ಯಾರಿಗೂ ತಿಳಿಯದು. ನಮ್ಮ ಸಂಡೂರಿನ ಲಂಬಾಣಿ ಕಸೂತಿಯನ್ನೋ ಪಕ್ಕದ ಕಿನ್ನಾಳದ ಬೊಂಬೆಯನ್ನೋ ಕೈಯಲ್ಲಿ ಹಿಡಿದವರಿಗೆ ಈ ಮಾತು ತಟ್ಟನೆ ಅರ್ಥವಾಗುತ್ತದೆ. ವಸ್ತುವಿಗೆ ಕೊಡುವ ಬೆಲೆಯನ್ನು ಅದನ್ನು ಮಾಡಿದವರಿಗೂ ಕೊಡಬೇಕು ಎಂಬುದೇ ಕಮಲಾದೇವಿಯವರ ಕೆಲಸದ ತಿರುಳು. 1965ರಿಂದ ಕುಶಲಕರ್ಮಿಗಳಿಗೆ, ಅವರವರ ಹೆಸರು ಹಿಡಿದು ಕರೆದು, ರಾಷ್ಟ್ರಪ್ರಶಸ್ತಿ ಕೊಡುವ ಪದ್ಧತಿ ಬಂತು. ವಸಂತಸೇನೆಗೆ ದೊರೆತ ಮರ್ಯಾದೆಯನ್ನು ನಾವು ಇಲ್ಲಿಯೂ ಕಾಣಬಹುದು.

ಏಣಾಕ್ಷಿಯವರ ದಾರಿಯೂ ಇದೇ ಕಡೆಗೆ ತಿರುಗಿದ್ದು ಆಶ್ಚರ್ಯ. ತೆರೆಯಿಂದ ಸರಿದ ಮೇಲೆ ಅವರು ನೃತ್ಯ ಮತ್ತು ಕುಶಲಕಲೆಗಳ ಅಧ್ಯಯನಕ್ಕೆ ತೊಡಗಿ, 1965ರಲ್ಲಿ ಭಾರತದ ನೃತ್ಯವನ್ನು ಕುರಿತೂ 1969ರಲ್ಲಿ ನಮ್ಮ ಅಲಂಕಾರ ವಿನ್ಯಾಸ ಮತ್ತು ಕೈಕೆಲಸಗಳನ್ನು ಕುರಿತೂ ಇಂಗ್ಲಿಷಿನಲ್ಲಿ ಗ್ರಂಥಗಳನ್ನು ಪ್ರಕಟಿಸಿದರು.

ಕಮಲಾದೇವಿಯವರಿಗೆ 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ದೊರೆತವು. 1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ ತೀರಿಕೊಂಡರು.

ಅವರು ನಟಿಸಿದ ಆ ಮೃಚ್ಛಕಟಿಕ ಇಂದು ನಮಗೆ ನೋಡಲು ಸಿಗುವುದಿಲ್ಲ. ಅಂದಿನ ಫಿಲ್ಮು ನೈಟ್ರೇಟಿನದು. ಬೇಗ ಹೊತ್ತಿಕೊಳ್ಳುವಂಥದು, ಬಿಸಿಲು-ತೇವಗಳಿಗೆ ಕರಗಿ ಪುಡಿಯಾಗುವಂಥದು. ಟಾಕಿ ಬಂದ ಮೇಲೆ ಹಳೆಯ ರೀಲುಗಳು ಯಾರಿಗೂ ಬೇಡವಾದವು. ಅದರಲ್ಲಿರುವ ಬೆಳ್ಳಿಯ ಆಸೆಗೆ ಕರಗಿಸಿದವರೂ ಉಂಟು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ತೆರೆದದ್ದು 1964ರಲ್ಲಿ. ಅಷ್ಟರಲ್ಲಿ ಮೂಕಿ ಮುಗಿದು ಮೂವತ್ತು ವರ್ಷ ಕಳೆದಿತ್ತು. ನಮ್ಮ ದೇಶದಲ್ಲಿ ತೆಗೆದ ಸುಮಾರು 1,300 ಮೂಕ ಚಿತ್ರಗಳಲ್ಲಿ ಉಳಿದವು ಮೂವತ್ತರ ಆಚೀಚೆ. 'ಶಿರಾಜ್' ಮಾತ್ರ ಬ್ರಿಟನ್ನಿನ ಸಂಗ್ರಹಾಲಯದಲ್ಲಿ ಜೋಪಾನವಾಗಿತ್ತು. ಅದನ್ನು ಸರಿಪಡಿಸಿ, ಅನೌಷ್ಕಾ ಶಂಕರ್ ಅವರ ಸಂಗೀತದೊಡನೆ 2017ರಲ್ಲಿ ಲಂಡನ್ನಿನಲ್ಲಿಯೂ ಬಳಿಕ ನಮ್ಮ ದೇಶದಲ್ಲಿಯೂ ತೋರಿಸಿದರು. ಏಣಾಕ್ಷಿಯವರ ಮುಖವನ್ನು ನಾವು ನೋಡಬಹುದು. ಕಮಲಾದೇವಿಯವರ ಮೂಕ ನಟನೆಯನ್ನು ನೋಡುವ ಭಾಗ್ಯ ನಮಗಿಲ್ಲ.

ಆದರೆ ಫಿಲ್ಮು ಕರಗಿದ ಮಾತ್ರಕ್ಕೆ ಕೆಲಸ ಕರಗುವುದಿಲ್ಲ. ಬಳ್ಳಾರಿಯ ಸುಭದ್ರಮ್ಮ ಮನ್ಸೂರ್ ಅವರು ವೃತ್ತಿರಂಗಭೂಮಿಯಲ್ಲಿ ಬಾಳೆಲ್ಲ ಹಾಡಿ, ನಟಿಸಿ, 2020ರಲ್ಲಿ ತೀರಿಕೊಂಡಾಗ ಜಿಲ್ಲೆಗೆ ಜಿಲ್ಲೆಯೇ ಹಿರಿಯ ಕಲಾವಿದೆಯನ್ನು ಕಳೆದುಕೊಂಡೆವೆಂದು ಮರುಗಿತು. ನೂರು ವರ್ಷಗಳ ಹಿಂದೆ ನಟಿಯೊಬ್ಬಳ ಸಾವಿಗೆ ಊರು ಹೀಗೆ ಮರುಗುತ್ತಿತ್ತೆ? ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಯ ಹೊತ್ತಿಗೋ ಶಾಲೆಯ ವಾರ್ಷಿಕೋತ್ಸವಕ್ಕೋ ನಮ್ಮ ಮನೆಯ ಹುಡುಗಿ ಬಣ್ಣ ಹಚ್ಚಿಕೊಂಡು ವೇದಿಕೆ ಏರಿದರೆ ನಾವು ಮುಂದಿನ ಸಾಲಿನಲ್ಲಿ ಕುಳಿತು ಹೆಮ್ಮೆಪಡುತ್ತೇವೆ. ಆದರೆ ಅದೇ ಹುಡುಗಿ ನಟನೆಯನ್ನೇ ವೃತ್ತಿ ಮಾಡಿಕೊಳ್ಳುತ್ತೇನೆ ಎಂದರೆ ಎಷ್ಟು ಮನೆಗಳಲ್ಲಿ ಇಂದಿಗೂ ಮಾತು ನಿಂತುಹೋಗುತ್ತದೆ! ಆ ಹೊತ್ತಿನಲ್ಲಿ ಮಂಗಳೂರಿನ ಈ ಹೆಣ್ಣುಮಗಳನ್ನು ಒಮ್ಮೆ ನೆನೆದುಕೊಂಡರೆ ಒಳ್ಳೆಯದು.